ಬ್ಯಾಲೆಟ್ಟಾ, ಮಿಷನ್ನಾ, ಮೊಬೈಲಾ? ಓಟು ಹಾಕುವ ದಾರಿಗಳನ್ನು ತೂಗಿ ನೋಡೋಣ

ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇವಿಎಂ ಬೇಡ, ಬ್ಯಾಲೆಟ್ ಪೇಪರ್ ಬಳಸಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಿಫಾರಸು ಮಾಡಿತಲ್ಲ, ಆವತ್ತಿನಿಂದ ನಮ್ಮ ಕೋಲಾರದ ಕಡೆ ಟೀ ಅಂಗಡಿಗಳಲ್ಲಿ ಎರಡು ಗುಂಪು. ಒಬ್ಬರು "ಮಿಷನ್ನೇ ಮೋಸ" ಅಂತಾರೆ. ಇನ್ನೊಬ್ಬರು "ಮತ್ತೆ ಡಬ್ಬದ ಕಾಲಕ್ಕೆ ಹೋಗಬೇಕಾ?" ಅಂತಾರೆ. ಮಧ್ಯೆ ಸಿಕ್ಕಿಕೊಂಡವರು ನನ್ನಂಥ ಮೇಷ್ಟ್ರನ್ನು ಹಿಡಿದು ಕೇಳುತ್ತಾರೆ. ಡಬ್ಬದ ಕಾಲದಲ್ಲೂ ಮಿಷನ್ ಕಾಲದಲ್ಲೂ ಎಲೆಕ್ಷನ್ ಡ್ಯೂಟಿ ಮಾಡಿದವನಲ್ಲವೇ, ಅದಕ್ಕೆ.

ಕೇಳುವವರ ಅಗತ್ಯ ಒಂದೇ ಥರ ಇಲ್ಲ. ಮಾಲೂರು ಕಡೆಯ ಪಂಚಾಯ್ತಿ ಸದಸ್ಯೆಯೊಬ್ಬರಿಗೆ ಗ್ರಾಮಸಭೆಯಲ್ಲಿ ಏನು ಮಾತಾಡಬೇಕು ಅನ್ನೋದು ಗೊತ್ತಾಗಬೇಕು. ಚಿಂತಾಮಣಿ ಕಡೆಯ ಸಂಘವೊಂದಕ್ಕೆ ಯಾರೋ ಓಟು ಹಾಕುವ ಮೊಬೈಲ್ ಆ್ಯಪ್ ತೋರಿಸಿ ಹೋಗಿದ್ದಾರೆ. ಪಾವಗಡದಿಂದ ಪೀಣ್ಯಕ್ಕೆ ಕೆಲಸಕ್ಕೆ ಹೋದ ಹುಡುಗನಿಗೆ, ಬಸ್ಸಿನಲ್ಲಿ ನಿಂತುಕೊಂಡು ಊರಿಗೆ ಬರದೆ ಓಟು ಹಾಕೋಕೆ ಆಗಲ್ವಾ ಅನ್ನೋ ಪ್ರಶ್ನೆ. ಮೂವರಿಗೂ ಒಂದೇ ಉತ್ತರ ಹೇಳಿದರೆ ಅದು ಸುಳ್ಳಾಗುತ್ತದೆ.

ಮೊದಲು ಯಾವುದರಿಂದ ಅಳೆಯಬೇಕು?

ನನ್ನ ಲೆಕ್ಕದಲ್ಲಿ ಮೊದಲ ಪ್ರಶ್ನೆ ಇದು: ಜಗಳ ಬಂದಾಗ ತೆಗೆದು ನೋಡೋಕೆ ಏನು ಉಳಿದಿರುತ್ತದೆ? ಗೆದ್ದವರು ಯಾವ ಪದ್ಧತಿಯನ್ನಾದರೂ ಒಪ್ಪುತ್ತಾರೆ. ಸೋತವರು ಬಂದು "ತೋರಿಸಿ" ಅಂದಾಗ ತೋರಿಸೋಕೆ ಏನಾದರೂ ಇರಬೇಕು. ಅದನ್ನು ನೋಡಿ ಅರ್ಥ ಮಾಡಿಕೊಳ್ಳೋಕೆ ಇಂಜಿನಿಯರಿಂಗ್ ಓದಿರಬೇಕು ಅಂತ ಆಗಬಾರದು. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಅಲ್ಲಿನ ಮತಯಂತ್ರಗಳ ಬಳಕೆ ಸಂವಿಧಾನಕ್ಕೆ ವಿರುದ್ಧ ಅಂದಿದ್ದು ಇದೇ ಕಾರಣಕ್ಕೆ. ಮೋಸ ಆಗಿದೆ ಅಂತ ಅದು ಹೇಳಲಿಲ್ಲ. ಓಟಿನ ಮುಖ್ಯ ಹಂತಗಳನ್ನು ಸಾಮಾನ್ಯ ಪ್ರಜೆ ತಾನೇ ಪರೀಕ್ಷಿಸಿ ನೋಡೋಕೆ ಆಗಬೇಕು ಅಂದಿತು.

ಎರಡನೇದು ಗುಟ್ಟು. ನಾನು ಯಾರಿಗೆ ಹಾಕಿದೆ ಅನ್ನೋದು ಮಾತ್ರ ಅಲ್ಲ, ನಮ್ಮ ಕೇರಿ ಯಾರಿಗೆ ಹಾಕಿತು ಅನ್ನೋದೂ ಹಳ್ಳಿಯಲ್ಲಿ ಗುಟ್ಟಾಗಿರಬೇಕಾದ ವಿಷಯವೇ.

ಮೂರನೇದು, ಹಾಕಿದ ಓಟು ಲೆಕ್ಕಕ್ಕೆ ಬರಬೇಕು. ನಾಲ್ಕನೇದು, ಒಬ್ಬನೇ ಮನುಷ್ಯ ಒಂದೇ ಏಟಿಗೆ ಎಷ್ಟು ಓಟು ಹಾಳು ಮಾಡಬಲ್ಲ ಅನ್ನೋದು. ಆಮೇಲೆ ದುಡ್ಡು, ಸಮಯ, ಸಿಬ್ಬಂದಿ. ಜನ ದುಡ್ಡನ್ನೇ ಮೊದಲು ಕೇಳುತ್ತಾರೆ. ನಾನು ಕೊನೆಗೆ ಇಡುತ್ತೇನೆ.

ಬ್ಯಾಲೆಟ್ ಪೇಪರ್, ಕೈ ಎಣಿಕೆ

ಉಳಿಯುವ ಪುರಾವೆಯ ಲೆಕ್ಕದಲ್ಲಿ ಇದನ್ನು ಮೀರಿಸಿದ್ದಿಲ್ಲ. ಓದು ಬರಹ ಬಾರದ ಏಜೆಂಟ್ ಕೂಡ ಚೀಟಿ ನೋಡಿ "ಇದು ನಮ್ಮದು" ಅನ್ನಬಲ್ಲ. ನಮ್ಮ ಗ್ರಾಮ ಪಂಚಾಯ್ತಿಗಳಿಗೆ ಇದು ಹೊಸದೂ ಅಲ್ಲ. 2020ರ ಡಿಸೆಂಬರ್‌ನಲ್ಲಿ ಬೀದರ್ ಒಂದನ್ನು ಬಿಟ್ಟು ರಾಜ್ಯದ ಉಳಿದೆಲ್ಲ ಕಡೆ ಬ್ಯಾಲೆಟ್ ಪೇಪರ್‌ನಲ್ಲೇ ಓಟು ಹಾಕಿದ್ದೇವೆ. ಪಂಚಾಯ್ತಿ ಮಟ್ಟಿಗೆ "ವಾಪಸ್ ಬ್ಯಾಲೆಟ್" ಅನ್ನೋ ಗಲಾಟೆಗೆ ಅರ್ಥವೇ ಇಲ್ಲ, ಅದು ಅಲ್ಲಿಂದ ಹೋಗೇ ಇರಲಿಲ್ಲ.

ಕಷ್ಟ ಗೊತ್ತಾಗೋದು ಎಣಿಕೆ ಟೇಬಲ್ ಮೇಲೆ. ಚೀಟಿ ಬಿಚ್ಚುತ್ತೀರಿ. ಬಾಣದ ಗುರುತಿನ ಮೊಹರು ಆಟೋರಿಕ್ಷಾ ಮತ್ತು ಫ್ಯಾನ್ ಚಿಹ್ನೆಗಳ ನಡುವಿನ ಗೆರೆ ಮೇಲೆ ಕೂತಿದೆ. ಮುಕ್ಕಾಲು ಪಾಲು ಆಟೋ ಕಡೆ, ಕಾಲು ಪಾಲು ಫ್ಯಾನ್ ಕಡೆ. ಇಬ್ಬರು ಏಜೆಂಟರೂ ಎದ್ದು ನಿಲ್ಲುತ್ತಾರೆ. ಮುಂದಿನ ಚೀಟಿಯಲ್ಲಿ ಮೊಹರು ಸರಿಯಾಗೇ ಬಿದ್ದಿದೆ, ಆದರೆ ಇಂಕು ಆರುವ ಮುಂಚೆ ಅಡ್ಡಕ್ಕೆ ಮಡಚಿದ್ದರಿಂದ ಇನ್ನೊಂದು ಚಿಹ್ನೆಯ ಮೇಲೂ ಮಸುಕಾಗಿ ಅಚ್ಚಾಗಿದೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು? ಅಚ್ಚು ತಿರುಗುಮುರುಗಾಗಿದ್ದರೆ ಅದು ಅಂಟಿದ್ದು ಅಂತ ಗೊತ್ತಿರುವ ಅಧಿಕಾರಿ ಇದ್ದರೆ ಆ ಓಟು ಉಳಿಯುತ್ತದೆ. ಇಲ್ಲದಿದ್ದರೆ ತಿರಸ್ಕೃತದ ಕಟ್ಟಿಗೆ ಹೋಗುತ್ತದೆ. ಚೀಟಿಯನ್ನು ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ ಮಡಚಿ ಅಂತ ಮತಗಟ್ಟೆಯಲ್ಲಿ ಹೇಳಿಕೊಡುವುದು ಇದಕ್ಕೇ. ಜನಕ್ಕೆ ಅದು ಸುಮ್ನೆ ಶಾಸ್ತ್ರ ಅನ್ನಿಸುತ್ತದೆ.

ಪಂಚಾಯ್ತಿ ವಾರ್ಡಿನಲ್ಲಿ ಇಂಥ ಎರಡು ಚೀಟಿ ಸಾಕು, ಫಲಿತಾಂಶ ತಿರುಗೋಕೆ. ಸಮ ಓಟು ಬಂದರೆ ಚೀಟಿ ಎತ್ತೋದೇ ಗತಿ. ಒಂದೇ ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇದ್ದರೆ ಎಣಿಕೆ ಇನ್ನೂ ಗೋಜಲು. 2020ರಲ್ಲಿ ಎಷ್ಟೋ ತಾಲ್ಲೂಕುಗಳಲ್ಲಿ ಎಣಿಕೆ ರಾತ್ರಿಯವರೆಗೂ ಎಳೆಯಿತು.

ಪೇಪರ್ ಅಂದರೆ ಮೋಸ ಆಗಲ್ಲ ಅನ್ನೋರಿಗೆ ಚಂಡೀಗಢದ ಮೇಯರ್ ಚುನಾವಣೆ ನೆನಪಿಸಬೇಕು. 2024ರ ಜನವರಿ 30. ಇದ್ದದ್ದೇ 36 ಓಟು. ಚುನಾವಣಾಧಿಕಾರಿ ತಾನೇ ಪೆನ್ನು ಹಿಡಿದು 8 ಚೀಟಿಗಳ ಮೇಲೆ ಗೀಚಿ, ಅವು ಅಸಿಂಧು ಅಂತ ಘೋಷಿಸಿದರು. ಮೂರು ವಾರದಲ್ಲಿ ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನು ತಳ್ಳಿಹಾಕಿ, ಸೋತಿದ್ದವರನ್ನು ಮೇಯರ್ ಅಂತ ಘೋಷಿಸಿತು. ಹೇಗೆ ಸಾಧ್ಯವಾಯಿತು? ಕ್ಯಾಮೆರಾ ಎಲ್ಲ ನೋಡಿತ್ತು, ಚೀಟಿಗಳೂ ಹಾಗೇ ಇದ್ದವು. ಮೋಸ ಸುಲಭವಾಗಿತ್ತು, ಹಿಡಿಯೋದೂ ಸುಲಭವಾಯಿತು. ಪೇಪರ್‌ನ ಗುಣ ದೋಷ ಎರಡೂ ಈ ಒಂದು ಪ್ರಕರಣದಲ್ಲಿವೆ.

ಇನ್ನು ಬೂತ್ ಹಿಡಿಯೋದು. ಬ್ಯಾಲೆಟ್ ಪುಸ್ತಕ ಕಿತ್ತುಕೊಂಡು ಹತ್ತು ಜನ ಮೊಹರು ಒತ್ತೋಕೆ ಕೂತರೆ ಅರ್ಧ ಗಂಟೆಯಲ್ಲಿ ಡಬ್ಬ ತುಂಬುತ್ತದೆ. ಇವಿಎಂ ಬಂದದ್ದರ ಹಿಂದೆ ಈ ಕಥೆಯೂ ಇದೆ.

ಬರೀ ಇವಿಎಂ

ಕೇರಳದ ಪರವೂರಿನಲ್ಲಿ 1982ರಲ್ಲಿ 50 ಮತಗಟ್ಟೆಗಳಲ್ಲಿ ಮೊದಲ ಸಲ ಇವಿಎಂ ಇಟ್ಟರು. ಸೋತವರು ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಆ 50 ಕಡೆ ಬ್ಯಾಲೆಟ್‌ನಲ್ಲಿ ಮರು ಮತದಾನ ಮಾಡಿಸಿತು, ಗೆದ್ದವರು ಬದಲಾದರು. 1988ರಲ್ಲಿ ಜನತಾ ಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ಆಯಿತು. 2004ರ ಲೋಕಸಭೆ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಕ್ಕೂ ಯಂತ್ರ ಬಂತು. ತಯಾರಿಸೋದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್.

ಇದರ ಒಳ್ಳೆಯ ಗುಣಗಳನ್ನು ಒಪ್ಪಲೇಬೇಕು. ತಿರಸ್ಕೃತ ಓಟು ಅನ್ನೋದೇ ಇಲ್ಲ. ನಿಮಿಷಕ್ಕೆ ನಾಲ್ಕು ಓಟಿಗಿಂತ ಜಾಸ್ತಿ ಒತ್ತೋಕೆ ಆಗಲ್ಲ, ಗಲಾಟೆ ಆದರೆ ಅಧಿಕಾರಿ ಕ್ಲೋಸ್ ಬಟನ್ ಒತ್ತಿದರೆ ಮುಗೀತು, ಆಮೇಲೆ ಓಟೇ ಬೀಳಲ್ಲ. ಇಂಟರ್ನೆಟ್ಟಿಗಾಗಲಿ ಬ್ಲೂಟೂತಿಗಾಗಲಿ ಸಂಪರ್ಕ ಇಲ್ಲ. ಒಂದು ಮಿಷನ್ನಿನ ಎಣಿಕೆ ಕೆಲವು ನಿಮಿಷದ ಕೆಲಸ.

ಕಡಿಮೆ ಬೀಳೋದು ನನ್ನ ಮೊದಲ ಅಳತೆಯಲ್ಲೇ. ರಿಸಲ್ಟ್ ಬಟನ್ ಒತ್ತಿದರೆ ಒಂದು ಸಂಖ್ಯೆ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಅದೇ ಸಂಖ್ಯೆ. ಅದನ್ನು ಮರು ಎಣಿಕೆ ಅನ್ನೋದು ಹೇಗೆ?

ಆದರೂ ಪೂರ್ತಿ ಕೈಬಿಡಬೇಡಿ. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ ಸರಪಂಚ ಚುನಾವಣೆ 2022ರಲ್ಲಿ ನಡೆಯಿತು. ಒಂದು ಮತಗಟ್ಟೆಯ ಲೆಕ್ಕ ಬರೆಯುವಾಗ ಅಭ್ಯರ್ಥಿಗಳ ಓಟು ಅದಲುಬದಲಾಗಿ ಸೋತವರು ಗೆದ್ದಂತಾಯಿತು. 2025ರ ಆಗಸ್ಟ್‌ನಲ್ಲಿ ಇವಿಎಂಗಳನ್ನು ಸುಪ್ರೀಂ ಕೋರ್ಟಿಗೇ ತರಿಸಿ ಎಣಿಸಿದರು. 1,051 ಮತ್ತು 1,000. ಸರಪಂಚರು ಬದಲಾದರು. ತಪ್ಪು ಕೂತಿದ್ದದ್ದು ಕೈಯಲ್ಲಿ ಬರೆದ ಹಾಳೆಯಲ್ಲಿ, ಯಂತ್ರ ಸರಿಯಾದ ಸಂಖ್ಯೆಯನ್ನೇ ಇಟ್ಟುಕೊಂಡಿತ್ತು. ಅಂದರೆ ಕೂಡುವ, ಬರೆಯುವ ತಪ್ಪಿಗೆ ಬರೀ ಇವಿಎಂ ಕೂಡ ಸಾಕ್ಷಿ ಹೇಳಬಲ್ಲದು. ಯಂತ್ರದ ಮೇಲೇ ಅನುಮಾನ ಬಂದಾಗ ಮಾತ್ರ ಅದಕ್ಕೆ ಬೇರೆ ಸಾಕ್ಷಿ ಇಲ್ಲ.

ಚೀಟಿ ಬೀಳುವ ಇವಿಎಂ

ಇದು ಈಗ ವಿಧಾನಸಭೆ, ಲೋಕಸಭೆಗೆ ಇರುವ ವ್ಯವಸ್ಥೆ. ಬಟನ್ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನೊಳಗೆ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಕ್ರಮಸಂಖ್ಯೆ, ಹೆಸರು, ಚಿಹ್ನೆ. ಆಮೇಲೆ ತುಂಡಾಗಿ ಒಳಗೆ ಬೀಳುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್‌ನಲ್ಲಿ ಮೊದಲು ಬಳಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಬೇಕೇ ಬೇಕು ಅಂದಿತು.

ಚೀಟಿ ಇದೆ, ಸರಿ. ಎಣಿಸೋದು ಎಷ್ಟು? 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆ. ಕ್ಷೇತ್ರದಲ್ಲಿ ಸಾಮಾನ್ಯವಾಗಿ ಇನ್ನೂರಕ್ಕಿಂತ ಜಾಸ್ತಿ ಮತಗಟ್ಟೆ ಇರುತ್ತವೆ. ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು ಅಂತಾರೆ, ನಿಜ. ಆದರೆ ಅದು ಒಂದೇ ಪಾತ್ರೆಯಲ್ಲಿ ಬೆಂದ ಅನ್ನಕ್ಕೆ. ಇಲ್ಲಿರೋದು ಇನ್ನೂರೈವತ್ತು ಪಾತ್ರೆ.

ಎಲ್ಲ ಚೀಟಿ ಎಣಿಸಿ ಅನ್ನೋ ಬೇಡಿಕೆಯನ್ನೂ, ಬ್ಯಾಲೆಟ್‌ಗೆ ವಾಪಸ್ ಹೋಗಿ ಅನ್ನೋದನ್ನೂ 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬದಲಿಗೆ, ಎರಡನೇ ಮೂರನೇ ಸ್ಥಾನ ಬಂದವರು ಫಲಿತಾಂಶ ಬಂದ ಏಳು ದಿನದೊಳಗೆ ಖರ್ಚು ಕಟ್ಟಿ ಕೇಳಿದರೆ ಶೇಕಡಾ 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರ್ (ಒಳಗಿನ ಚಿಪ್ಪು) ಪರೀಕ್ಷೆ ಮಾಡಿಸಬೇಕು ಅಂದಿತು. ಚಿಹ್ನೆ ತುಂಬುವ ಯೂನಿಟ್‌ಗಳನ್ನು 45 ದಿನ ಸೀಲು ಮಾಡಿ ಇಡಿ ಅಂದಿತು. ಇವಿಎಂ ಲೆಕ್ಕ ಮತ್ತು ಚೀಟಿ ಲೆಕ್ಕ ಬೇರೆ ಬಂದರೆ ಚೀಟಿಯದ್ದೇ ಕೊನೆ ಮಾತು. ಇದು ಮೊದಲಿಂದಲೂ ಚುನಾವಣೆ ನಡೆಸುವ ನಿಯಮಗಳ 56ಡಿಯಲ್ಲಿದೆ, ತುಂಬಾ ಜನಕ್ಕೆ ಗೊತ್ತಿಲ್ಲ.

ಈಗ ಮಾಲೂರಿಗೆ ಬನ್ನಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ 248 ಓಟು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿ ಮರು ಎಣಿಕೆಗೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ವಾದದಲ್ಲಿ ದೊಡ್ಡದಾಗಿ ಬಂದದ್ದು ಯಂತ್ರದ ಚಿಪ್ಪು ಅಲ್ಲ, ಎಣಿಕೆ ದಿನದ ವಿಡಿಯೊ ಸಿಗದಿದ್ದದ್ದು. 2023ರಲ್ಲೇ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಅಲ್ಲಿ ಜಗಳ ಅಂಚೆ ಮತಗಳದ್ದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟು. ಅಂತರ ಇಷ್ಟು ಕಡಿಮೆ ಇದ್ದಾಗ ಐದು ಮತಗಟ್ಟೆಯ ಚೀಟಿ ಎಣಿಸೋದು ಯಾರಿಗೆ ಸಮಾಧಾನ?

ಒಂದು ಮತಗಟ್ಟೆಯ ಚೀಟಿ ಎಣಿಸೋಕೆ ಸುಮಾರು ಒಂದು ಗಂಟೆ ಬೇಕು. ಕ್ಷೇತ್ರಕ್ಕೆ 250 ಮತಗಟ್ಟೆ, ಮಾಮೂಲಿನಂತೆ 14 ಟೇಬಲ್ ಅಂದುಕೊಳ್ಳಿ. ಹದಿನೆಂಟು ಗಂಟೆ ಆಯಿತು. ಒಂದು ಹಗಲು, ಒಂದು ರಾತ್ರಿ. ಅದೂ ಎಲ್ಲ ಕ್ಷೇತ್ರಕ್ಕಲ್ಲ, ಅಂತರ ತೀರಾ ಸಣ್ಣದಿದ್ದ ಕಡೆ ಮಾತ್ರ. ಯಾರೂ ಅರ್ಜಿ ಹಾಕದೆ ತಾನಾಗಿಯೇ ಇದು ಆಗಬೇಕು ಅನ್ನೋ ನಿಯಮ ಬಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸುಧಾರಣೆ ಅಂತ ಏನಾದರೂ ಕೇಳೋದಿದ್ದರೆ ನಾನು ಮೊದಲು ಕೇಳೋದು ಇದನ್ನೇ.

ಎರಡನೆಯದು ಗುಟ್ಟಿನ ವಿಷಯ. ಇವಿಎಂ ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ಲೆಕ್ಕ ಬಹಿರಂಗ. ಮಧುಗಿರಿಯೋ ಬಾಗೇಪಲ್ಲಿಯೋ, ಯಾವ ಹಳ್ಳಿ ಎಷ್ಟು ಕೊಟ್ಟಿತು ಅನ್ನೋದು ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿ. "ನಿಮ್ಮೂರಲ್ಲಿ ನಲವತ್ತು ಓಟು ಬಂದಿಲ್ಲ, ರಸ್ತೆ ಕೇಳೋಕೆ ಬಂದಿದ್ದೀರಾ?" ಅನ್ನೋ ಮಾತು ಹೊಸದಲ್ಲ. ಬ್ಯಾಲೆಟ್ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿ ಬೆರೆಸಿ ಎಣಿಸೋಕೆ ಅವಕಾಶ ಇತ್ತು. ಯಂತ್ರಗಳಿಗೂ ಹಾಗೆ ಒಟ್ಟು ಮಾಡುವ ಟೋಟಲೈಸರ್ ಬಳಸೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತು, ಕಾನೂನು ಆಯೋಗ 2015ರಲ್ಲಿ ಬೇಕು ಅಂದಿತು. ಜಾರಿಗೆ ಬರಲಿಲ್ಲ. ಟೀವಿ ಚರ್ಚೆಗಳಲ್ಲಿ ಇದರ ಸುದ್ದಿಯೇ ಇರಲ್ಲ, ಹಳ್ಳಿಗೆ ಬೇಕಾದದ್ದು ಮಾತ್ರ ಇದೇ.

ದುಡ್ಡಿನ ಲೆಕ್ಕ ಬೇಕಾದವರಿಗೆ: 2023ರ ಅಂದಾಜಿನಂತೆ ಅಧಿಕಾರಿಯ ಹತ್ತಿರ ಇರುವ ಕಂಟ್ರೋಲ್ ಯೂನಿಟ್ 9,800, ನಾವು ಬಟನ್ ಒತ್ತುವ ಬ್ಯಾಲೆಟ್ ಯೂನಿಟ್ 7,900, ವಿವಿಪ್ಯಾಟ್ 16,000 ರೂಪಾಯಿ. ಒಟ್ಟು 33,700. ಆಯುಷ್ಯ 15 ವರ್ಷ. ಹಲವು ಚುನಾವಣೆಗೆ ಹಂಚಿದರೆ ಭಾರ ಅಲ್ಲ. ಚೀಟಿ ಪೆಟ್ಟಿಗೆಯೇ ಅರ್ಧ ಬೆಲೆ ಅನ್ನೋದನ್ನು ಗಮನಿಸಿ. ಆ ದುಡ್ಡು ಕೊಟ್ಟು ಚೀಟಿ ಅಚ್ಚು ಹಾಕಿಸಿ, ಎಣಿಸದೆ ಇಡೋದು ಎಲ್ಲಿಯ ಉಳಿತಾಯ?

ಪೇಪರ್ ಚೀಟಿ, ಯಂತ್ರದ ಎಣಿಕೆ

ನಮ್ಮಲ್ಲಿ ಇಲ್ಲದ, ಹೆಚ್ಚು ಜನ ಕೇಳಿಯೂ ಇರದ ದಾರಿ ಇದು. ಓಟುಗಾರ ಪೇಪರ್ ಮೇಲೆ ಗುರುತು ಮಾಡಿ ತಾನೇ ಸ್ಕ್ಯಾನರ್‌ಗೆ ಹಾಕುತ್ತಾನೆ. ಯಂತ್ರ ಓದಿ ಎಣಿಸುತ್ತದೆ, ಪೇಪರ್ ಕೆಳಗಿನ ಡಬ್ಬದಲ್ಲಿ ಉಳಿಯುತ್ತದೆ. ಓಎಂಆರ್ ಶೀಟಿನಲ್ಲಿ ಸಿಇಟಿ ಬರೆದ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಇಡೀ ದೇಶ ಒಂದೇ ಸಲ ಕೈ ಎಣಿಕೆಯಿಂದ ಇದಕ್ಕೆ ಹಾರಿದ್ದು ಫಿಲಿಪ್ಪೀನ್ಸ್‌ನಲ್ಲಿ. ಅಲ್ಲಿ 2010ರವರೆಗೆ ಓಟುಗಾರರು ಅಭ್ಯರ್ಥಿಗಳ ಹೆಸರನ್ನು ಚೀಟಿ ಮೇಲೆ ಕೈಯಾರೆ ಬರೆಯಬೇಕಿತ್ತು. ಶಾಲೆಯ ಕೋಣೆಯಲ್ಲಿ ಎಲ್ಲರೆದುರು ಓದಿ ಗೀಟು ಎಳೆದು ಎಣಿಸುತ್ತಿದ್ದರು. ಆ ಹಂತದ ತನಕ ಪಾರದರ್ಶಕವೇ. ಮೋಸ ನಡೆಯುತ್ತಿದ್ದದ್ದು ಆಮೇಲೆ, ಲೆಕ್ಕದ ಹಾಳೆ ಊರಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಹೋಗುವ ದಾರಿಯಲ್ಲಿ. ಒಬ್ಬರಿಗೆ ಕೂಡೋದು, ಇನ್ನೊಬ್ಬರಿಂದ ಕಳೆಯೋದು. ಅದಕ್ಕೆ ಅಲ್ಲಿ "ದಗ್ದಾಗ್-ಬವಾಸ್" ಅಂತ ಹೆಸರೇ ಇತ್ತು. ಪೂರ್ತಿ ಫಲಿತಾಂಶಕ್ಕೆ ವಾರಗಟ್ಟಲೆ ಬೇಕಾಗುತ್ತಿತ್ತು, ಅಷ್ಟು ದಿನವೂ ಹಾಳೆ ತಿದ್ದೋಕೆ ಸಮಯ.

ಯಂತ್ರಕ್ಕೆ ಹೋಗೋ ದಾರಿಯೂ ಸಲೀಸಾಗಿರಲಿಲ್ಲ. ಕಾನೂನು 1997ರಲ್ಲೇ ಆಯಿತು. 2003ರಲ್ಲಿ ಕೊಟ್ಟ ಗುತ್ತಿಗೆಯಲ್ಲಿ ನಿಯಮ ಪಾಲಿಸಿಲ್ಲ ಅಂತ 2004ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟೊತ್ತಿಗೆ ಬಂದಿದ್ದ 1,991 ಯಂತ್ರಗಳು ಗೋದಾಮಿನಲ್ಲಿ ಕೂತವು. ಕೊನೆಗೆ 2010ರ ಮೇ 10ಕ್ಕೆ ದೇಶವ್ಯಾಪಿ ಮತದಾನ. ಅದಕ್ಕೆ ಒಂದು ವಾರ ಮುಂಚೆ ಪರೀಕ್ಷೆ ಮಾಡಿದರೆ ಸ್ಥಳೀಯ ಹುದ್ದೆಗಳ ಓಟನ್ನು ಯಂತ್ರ ತಪ್ಪಾಗಿ ಓದುತ್ತಿದೆ! ಸುಮಾರು 76,000 ಮೆಮೊರಿ ಕಾರ್ಡ್‌ಗಳನ್ನು ವಾಪಸ್ ತರಿಸಿ ಬದಲಾಯಿಸಿದರು. ಆದರೂ ಚುನಾವಣೆ ನಡೆಯಿತು, ಅಧ್ಯಕ್ಷ ಸ್ಥಾನದಲ್ಲಿ ಯಾರು ಮುಂದು ಅನ್ನೋದು ಒಂದೆರಡು ದಿನದಲ್ಲೇ ಸ್ಪಷ್ಟವಾಯಿತು. ಪೇಪರ್ ಉಳಿದಿರೋದರಿಂದ, ಅಲ್ಲಲ್ಲಿ ಆರಿಸಿದ ಮತಗಟ್ಟೆಗಳಲ್ಲಿ ಕೈಯಲ್ಲೂ ಎಣಿಸಿ ತಾಳೆ ನೋಡುತ್ತಾರೆ.

ನನ್ನ ಅಳತೆಯಲ್ಲಿ ಈ ದಾರಿ ಎರಡರ ಒಳ್ಳೆಯದನ್ನೂ ಇಟ್ಟುಕೊಂಡಿದೆ. ಪುರಾವೆ ಓಟುಗಾರನ ಕೈಯ ಗುರುತೇ, ಗಾಜಿನೊಳಗೆ ಏಳು ಸೆಕೆಂಡ್ ನೋಡಿದ ಚೀಟಿ ಅಲ್ಲ. ತಪ್ಪು ಗುರುತನ್ನು ಸ್ಕ್ಯಾನರ್ ಅಲ್ಲೇ ತಿರಸ್ಕರಿಸುವಂತೆ ಮಾಡಬಹುದು. ಆದರೆ ಕರೆಂಟು, ಧೂಳು, ಪೇಪರ್ ಸಿಕ್ಕಿಹಾಕಿಕೊಳ್ಳೋದು, ರಿಪೇರಿ ಗೊತ್ತಿರುವ ಜನ, ಎಲ್ಲ ಬೇಕು. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ, ಶಾಲೆ ಕೊಠಡಿಯಲ್ಲಿ ಸ್ಕ್ಯಾನರ್ ಹಟ ಹಿಡಿದರೆ ಯಾರನ್ನು ಕರೆಯೋದು? ನಮ್ಮ ಇವಿಎಂ ಬ್ಯಾಟರಿಯಲ್ಲಿ ನಡೆಯುತ್ತದೆ ಅನ್ನೋದು ಸಣ್ಣ ಅನುಕೂಲ ಅಲ್ಲ. ಕೈಯಲ್ಲಿ ಇವಿಎಂ ಇರುವ ದೇಶ ಅದನ್ನು ಬಿಟ್ಟು ಇದಕ್ಕೆ ಹೊಸದಾಗಿ ದುಡ್ಡು ಸುರಿಯಬೇಕಾ ಅಂದರೆ, ನನಗೆ ಬೇಡ ಅನ್ನಿಸುತ್ತದೆ. ದುಬಾರಿ ಯಂತ್ರ ಕೊಂಡು ಬಳಸದೆ ಬಿಟ್ಟವರೂ ಇದ್ದಾರೆ. ಐರ್ಲೆಂಡ್ 5 ಕೋಟಿ ಯೂರೋಗಿಂತ ಜಾಸ್ತಿ ಖರ್ಚು ಮಾಡಿದ ಮತಯಂತ್ರಗಳನ್ನು 2012ರಲ್ಲಿ ಸುಮಾರು 70 ಸಾವಿರ ಯೂರೋಗೆ ಗುಜರಿಗೆ ಹಾಕಿತು.

ಮೊಬೈಲ್, ಇಂಟರ್ನೆಟ್

ಎಸ್ಟೋನಿಯಾದ ಹೆಸರು ಎಲ್ಲರೂ ಹೇಳುತ್ತಾರೆ. 2005ರಿಂದ ಅಲ್ಲಿ ಆನ್‌ಲೈನ್ ಓಟು ಇದೆ, 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಓಟು ಹಾಗೇ ಬಿತ್ತು. ನಮ್ಮಲ್ಲೂ ಬಿಹಾರ 2025ರ ಜೂನ್‌ನಲ್ಲಿ ಕೆಲವು ಪಟ್ಟಣಗಳ ಸ್ಥಳೀಯ ಚುನಾವಣೆಯಲ್ಲಿ ಆ್ಯಪ್ ಮೂಲಕ ಓಟು ಹಾಕಿಸಿತು.

ಎಸ್ಟೋನಿಯಾದಲ್ಲಿ ಒಂದು ಉಪಾಯ ಇದೆ. ಒಬ್ಬರು ಎಷ್ಟು ಸಲ ಬೇಕಾದರೂ ಓಟು ಬದಲಾಯಿಸಬಹುದು, ಕೊನೆಯದ್ದು ಮಾತ್ರ ಲೆಕ್ಕ. ಮತಗಟ್ಟೆಗೆ ಹೋಗಿ ಪೇಪರ್ ಓಟು ಹಾಕಿದರೆ ಆನ್‌ಲೈನ್ ಓಟು ರದ್ದು. ಯಾರಾದರೂ ಪಕ್ಕದಲ್ಲಿ ಕೂತು ಒತ್ತಿಸಿದರೂ ಆಮೇಲೆ ತಿದ್ದಿಕೊಳ್ಳಲಿ ಅಂತ. ನಮ್ಮೂರಿಗೆ ಇದನ್ನು ತಂದು ನೋಡಿ. ಮನೆಗೆ ಒಂದೋ ಎರಡೋ ಫೋನು. ಮನೆ ಯಜಮಾನ ಎಲ್ಲರ ಓಟಿಪಿ ಇಸ್ಕೊಂಡು ತಾನೇ ಒತ್ತಿ ಮುಗಿಸುತ್ತಾನೆ. ದುಡ್ಡು ಹಂಚುವವನು "ಸ್ಕ್ರೀನ್ ತೋರಿಸು, ಆಮೇಲೆ ತಗೋ" ಅಂತಾನೆ. ಮತಗಟ್ಟೆಯ ಆ ರಟ್ಟಿನ ಮರೆ ಇದೆಯಲ್ಲ, ಅತ್ತೆಗೂ ಸೊಸೆಗೂ ಬೇರೆ ಬೇರೆ ಬಟನ್ ಒತ್ತೋ ಧೈರ್ಯ ಕೊಡೋದು ಅದು. ಯಾವ ಆ್ಯಪ್ ಕೂಡ ಆ ಮರೆಯನ್ನು ಕೊಡಲ್ಲ. ಜೊತೆಗೆ ಸೋತವನಿಗೆ ತೋರಿಸೋಕೆ ಸರ್ವರ್‌ನ ಲೆಕ್ಕ ಬಿಟ್ಟರೆ ಏನೂ ಇಲ್ಲ. ವಿಧಾನಸಭೆ ಲೋಕಸಭೆಗೆ ಇದು ಬೇಡವೇ ಬೇಡ.

ಹಾಗಾದರೆ ಯಾರಿಗೆ ಯಾವುದು?

ಚಿಂತಾಮಣಿಯವರಿಗೆ: ನಿಮ್ಮದು ನೋಂದಾಯಿತ ಸಹಕಾರ ಸಂಘ, ಹಾಲಿನ ಡೇರಿ ಆಗಿದ್ದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಸಹಕಾರ ಚುನಾವಣಾ ಪ್ರಾಧಿಕಾರದ ನಿಯಮದಂತೆ ನಡೆಯಬೇಕು. ಹಳೆ ವಿದ್ಯಾರ್ಥಿ ಸಂಘವೋ ಬಡಾವಣೆ ಸಂಘವೋ ಆದರೆ, ಮುನ್ನೂರು ನಾನೂರು ಸದಸ್ಯರಿಗೆ ಬ್ಯಾಲೆಟ್ಟೇ ಸಾಕು. ಅಚ್ಚಿನ ಖರ್ಚು ಅಷ್ಟೇ, ಸಂಜೆಯೊಳಗೆ ಎಣಿಕೆ ಮುಗಿಯುತ್ತದೆ. ಎಣಿಕೆ ಟೇಬಲ್ ಮೇಲೆ ಒಂದು ಫೋನ್ ನಿಲ್ಲಿಸಿ ವಿಡಿಯೊ ಮಾಡಿ, ಚಂಡೀಗಢ ನೆನಪಿರಲಿ. ಸದಸ್ಯರು ಅರ್ಧಕ್ಕರ್ಧ ದುಬೈ, ಬೆಂಗಳೂರಿನಲ್ಲಿದ್ದು, ಸ್ಥಾನಕ್ಕೆ ಯಾರೂ ಕಿತ್ತಾಡದ ಸಂಘ ಆದರೆ ಆ್ಯಪ್ ಕೂಡ ನಡೆಯುತ್ತದೆ.

ಗ್ರಾಮ ಪಂಚಾಯ್ತಿಗೆ ನನ್ನ ಓಟು ಬ್ಯಾಲೆಟ್ ಪೇಪರ್‌ಗೆ. ವಾರ್ಡ್ ಸಣ್ಣದು, ಮರು ಎಣಿಕೆ ಸುಲಭ. ಪುರಸಭೆ, ನಗರಸಭೆಗೆ ಬಂದರೆ ನಿಜವಾಗಿಯೂ ಎರಡು ಕಡೆಗೂ ವಾದ ಇದೆ. ಚೀಟಿ ಬೀಳದ ಬರೀ ಇವಿಎಂ ಮತ್ತು ಬ್ಯಾಲೆಟ್ ಇವೆರಡೇ ಆಯ್ಕೆ ಅಂದರೆ ನಾನು ಬ್ಯಾಲೆಟ್ ಅನ್ನುತ್ತೇನೆ. ವಿವಿಪ್ಯಾಟ್ ಜೊತೆ ಕೊಡ್ತೀವಿ ಅಂದರೆ ಇವಿಎಂ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಯಾವುದರಲ್ಲಿ ಹಾಕೋದು ಅನ್ನೋದಕ್ಕಿಂತ ಯಾವಾಗ ಹಾಕೋದು ಅನ್ನೋದೇ ಅಲ್ಲಿ ಮೊದಲು ಇತ್ಯರ್ಥ ಆಗಬೇಕಿತ್ತು, ಅಲ್ವಾ?

ಲೋಕಸಭೆ, ವಿಧಾನಸಭೆಗೆ ಚೀಟಿ ಇರುವ ಇವಿಎಂ. ಅದರ ಜೊತೆ ಕಡಿಮೆ ಅಂತರ ಇದ್ದಲ್ಲಿ ಎಲ್ಲ ಚೀಟಿ ಎಣಿಕೆ, ಟೋಟಲೈಸರ್, ಮತ್ತು ಎಣಿಕೆಯ ವಿಡಿಯೊ ಉಳಿಸೋದು. ಫಲಿತಾಂಶ ಬಂದ 45 ದಿನದೊಳಗೆ ತಕರಾರು ಅರ್ಜಿ ಬರದಿದ್ದರೆ ವಿಡಿಯೊ ಅಳಿಸಬಹುದು ಅಂತ 2025ರ ಮೇನಲ್ಲಿ ಆಯೋಗ ಸೂಚನೆ ಕೊಟ್ಟಿದೆ. ಯಂತ್ರದ ಬಗ್ಗೆ ಕೂಗಾಡುವವರು ಇದನ್ನು ಯಾಕೆ ಕೇಳಲ್ಲವೋ.

ಪೀಣ್ಯದ ಹುಡುಗನಿಗೆ: ದೂರದಿಂದಲೇ ಓಟು ಹಾಕುವ ಯಂತ್ರವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳಿಗೆ ತೋರಿಸಲು ಕರೆಯಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. ಹೆಚ್ಚಿನ ವಿರೋಧ ಪಕ್ಷಗಳು ಒಪ್ಪಲಿಲ್ಲ, ಮುಂದೆ ಹೋಗಲಿಲ್ಲ. ಸದ್ಯಕ್ಕೆ ಎರಡೇ ದಾರಿ. ಬೆಂಗಳೂರಿನಲ್ಲೇ ವಾಸ ಅಂದರೆ ಫಾರಂ 8 ತುಂಬಿ ಹೆಸರನ್ನು ಅಲ್ಲಿಗೆ ವರ್ಗ ಮಾಡಿಸಿಕೊ. ಊರಲ್ಲೇ ಹಾಕಬೇಕು ಅಂದರೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಸೆಕ್ಷನ್ನಿನಲ್ಲಿದೆ, ದಿನಗೂಲಿಯವರಿಗೂ ಅನ್ವಯ. ಸೂಪರ್‌ವೈಸರ್‌ಗೆ ತೋರಿಸು. ಮನೆಯಲ್ಲಿ 85 ದಾಟಿದ ಅಜ್ಜಿ ಇದ್ದರೆ ಫಾರಂ 12ಡಿ ಕೊಟ್ಟು ಮನೆಯಿಂದಲೇ ಹಾಕಿಸಬಹುದು.

ಮಾಲೂರಿನ ಅಮ್ಮನಿಗೆ ಒಂದು ಕೆಲಸದ ಮಾತು. ಮುಂದಿನ ವಿಧಾನಸಭೆ, ಲೋಕಸಭೆ ಚುನಾವಣೆಗೆ ನಿಮ್ಮ ಕಡೆಯ ಏಜೆಂಟರನ್ನು ಕೂರಿಸುವಾಗ ಮೂರು ವಿಷಯ ಹೇಳಿ ಕಳಿಸಿ. ಬೆಳಿಗ್ಗೆ ಮತದಾನ ಶುರುವಾಗೋ ಮುಂಚೆಯೇ ಹೋಗಿ ಅಣಕು ಮತದಾನದಲ್ಲಿ ಕನಿಷ್ಠ 50 ಓಟು ಹಾಕಿಸಿ, ಲೆಕ್ಕ ತಾಳೆ ನೋಡಿ, ಕ್ಲೋಸ್, ರಿಸಲ್ಟ್, ಕ್ಲಿಯರ್ ಮೂರೂ ಆಯಿತಾ ಅಂತ ನೋಡಬೇಕು. ಕ್ಲಿಯರ್ ಮಾಡದೆ ಬಿಟ್ಟರೆ ಆ ಅಣಕು ಓಟುಗಳು ಸಂಜೆಯ ಲೆಕ್ಕದಲ್ಲಿ ಸೇರಿ ತಲೆನೋವು. ಆಮೇಲೆ ವಿವಿಪ್ಯಾಟ್ ಡಬ್ಬ ಖಾಲಿ ಮಾಡಿದರಾ ನೋಡಬೇಕು. ಸಂಜೆ ಕ್ಲೋಸ್ ಒತ್ತಿದ ಮೇಲೆ ಒಟ್ಟು ಓಟು, ಯಂತ್ರದ ನಂಬರ್, ಸೀಲ್ ನಂಬರ್ ಬರೆದಿರುವ 17ಸಿ ಫಾರಂನ ಪ್ರತಿ ಕೇಳಿ ಪಡೆಯದೆ ಏಜೆಂಟ್ ಮತಗಟ್ಟೆಯಿಂದ ಏಳಬಾರದು. ಎಣಿಕೆ ದಿನ ಟೇಬಲ್ ಮೇಲೆ ಬರುವ ಯಂತ್ರ ಅದೇನಾ ಅಂತ ನೋಡೋಕೆ ಆ ಪ್ರತಿಯೇ ಆಧಾರ. ಅದನ್ನು ಮಡಚಿ ಜೇಬಿಗೆ ಹಾಕುವ ಮುಂಚೆ ಒಂದು ಫೋಟೊನೂ ತೆಗೆದಿಟ್ಟುಕೊಳ್ಳಲಿ.